ಲ.ಸಾ.ಅ. ಅತ್ತೆ

ನಮ್ಮ ಸೋದರತ್ತೆಯ ಮನೆಗೆ ನೀವು ಯಾವಾಗ ಬೇಕಾದರೂ ಹೋಗಬಹುದು. ಹೇಳದೆ ಕೇಳದೆ ಹೋಗಬಹುದು, ಸರಿಯಾಗಿ ಊಟದ ಹೊತ್ತಿಗೇ ಹೋಗಬಹುದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗಬಹುದು. ಆದರೆ ಏಳು ಜನ ಮಾತ್ರ ಹೋಗಬೇಡಿ! ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಏಳನೆಯವರ ಗತಿ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕಾಣುವುದೇನು ಬಂತು, ಒಮ್ಮೆ ಆ ಏಳನೆಯವನು ನಾನೇ ಆಗಿದ್ದೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಸಾಲಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ನಿವೃತ್ತಿಯಾಗಿ, ಈಗ ಕುಷ್ಟಗಿಯಲ್ಲಿ ತಾವೇ ಕಟ್ಟಿಸಿದ ಮನೆಯಲ್ಲಿದ್ದಾರೆ. ಊರೆಲ್ಲ ಅವರನ್ನು ‘ಅಕ್ಕೋರು’ ಎನ್ನುತ್ತದೆ. ಗಣಿತದಲ್ಲಿ ಕೂಡಿಸುವುದು, ಕಳೆಯುವುದು, ಬಡ್ಡಿ, ಲಾಭ-ನಷ್ಟ ಅಂತ ಏನೇನೋ ಇವೆಯಲ್ಲ, ಅವೆಲ್ಲ ಅತ್ತೆಗೆ ದೂರದ ಸಂಬಂಧಿಕರಿದ್ದಂತೆ, ಬಂದರೆ ಬರಲಿ, ಹೋದರೆ ಹೋಗಲಿ. ಜೀವ ಇರುವುದು ಎರಡರ ಮೇಲೆ ಮಾತ್ರ. ಒಂದು ಲ.ಸಾ.ಅ., ಅಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯ. ಇನ್ನೊಂದು ಮ.ಸಾ.ಅ., ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಏಳನೆಯ ಇಯತ್ತೆ ದಾಟಿದ ಮೇಲೆ ಜಗತ್ತೆಲ್ಲ ಈ ಎರಡನ್ನು ಮರೆತು ಸುಖವಾಗಿದೆ. ಅತ್ತೆ ಮರೆಯಲಿಲ್ಲ, ಆದ್ದರಿಂದ ನಾವ್ಯಾರೂ ಸುಖವಾಗಿಲ್ಲ!

ಹಬ್ಬ ಬಂತೆಂದರೆ ಅತ್ತೆ ಶೇಂಗಾ ಹೋಳಿಗೆ ಮಾಡುತ್ತಿದ್ದರು. ಎಷ್ಟು? ಅರವತ್ತು. ಐವತ್ತೊಂಬತ್ತಲ್ಲ, ಅರವತ್ತೊಂದಲ್ಲ. ಯಾಕೆಂದರೆ ಇಬ್ಬರು ಬಂದರೂ, ಮೂವರು ಬಂದರೂ, ನಾಲ್ವರು, ಐವರು, ಆರು ಜನ ಬಂದರೂ ಅರವತ್ತನ್ನು ಸರಿಸಮ ಹಂಚಬಹುದು, ಒಂದೂ ಉಳಿಯುವುದಿಲ್ಲ, ಒಂದೂ ಮುರಿಯಬೇಕಿಲ್ಲ. ಒಂದರಿಂದ ಆರರವರೆಗಿನ ಲ.ಸಾ.ಅ. ಅದು. ಆ ವರ್ಷ ಯುಗಾದಿಗೆ ನಾನು, ತಂಗಿ, ದಾಯಾದಿಗಳ ಮಕ್ಕಳು ಸೇರಿ ಏಳು ಜನ ಹೋದೆವು. ಅತ್ತೆ ಹೊಸ್ತಿಲಲ್ಲೇ ನಿಂತು ಬೆರಳು ಮಡಚುತ್ತ ಎಣಿಸಿದರು. ಆರು ಜನ ಒಳಗೆ ಹೋದರು. ಚಪ್ಪಲಿ ಬಿಡುವುದು ತಡವಾಗಿ ನಾನು ಕೊನೆಯವನಾಗಿದ್ದೆ.

“ಏಳಾತಲ್ಲೋ!” ಅಂದರು ಅತ್ತೆ, ಮನೆಗೆ ಹಾವು ಬಂದಂತೆ. “ಏಳು ಬಂತಂದ್ರ ಲ.ಸಾ.ಅ. ಎಷ್ಟಾಗತೈತಿ ಗೊತ್ತೈತೇನು? ನಾನೂರಾ ಇಪ್ಪತ್ತು! ನೀ ಒಬ್ಬ ಬಂದೀ ಅಂತ ನಾನೂರಾ ಇಪ್ಪತ್ತು ಹೋಳಿಗಿ ಬೇಯಸ್ಲೇನು?”

ನನ್ನ ಕೈ ಹಿಡಿದು ಪಕ್ಕದ ಮನೆಗೆ ಕರೆದೊಯ್ದರು. ಅಲ್ಲಿ ಹೊಲಿಗೆ ಕೆಲಸದ ಚಾಚಾ ಇದ್ದರು. “ಚಾಚಾ, ಇಂವ ಏಳನೇದಾಂವ. ಉಣ್ಣಾಕ ಹಾಕ್ರಿ” ಅಂದರು. ಚಾಚಾ ಸ್ವಲ್ಪವೂ ಆಶ್ಚರ್ಯಪಡದೆ, ಹೊಲಿಗೆ ಮಷೀನಿನಿಂದ ತಲೆಯೆತ್ತಿ, “ಬಾ ಬೇಟಾ, ಹೋದ ದೀಪಾವಳಿಗೂ ಒಬ್ಬ ಬಂದಿದ್ದ” ಅಂದರು! ಅಲ್ಲಿ ಚಾಚಿ ಬಡಿಸಿದ ಬಿಸಿ ಖಿಚಡಿ ತಿಂದು ನಾನು ಆರಾಮಾಗಿ ಮಲಗಿದೆ. ತಲೆಗೆ ಹತ್ತು ಹೋಳಿಗೆ ಲೆಕ್ಕದ ಪ್ರಕಾರ ತಿಂದ ಆ ಆರು ಜನ ಎರಡು ದಿನ ಹೊಟ್ಟೆ ಹಿಡಿದುಕೊಂಡು ಓಡಾಡಿದರು.

ಬೇಸಿಗೆ ರಜೆ ಬಂದರೆ ಸಾಕು, ಅಪ್ಪ ನನ್ನನ್ನು ಕೊಪ್ಪಳದಿಂದ ಬಸ್ಸು ಹತ್ತಿಸಿ ಅತ್ತೆಯ ಹತ್ತಿರ ಕಳಿಸಿಬಿಡುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ. ಅತ್ತೆ ಪಡಸಾಲೆಯ ಫರ್ಸಿಗೆ, ಅಂದರೆ ಹಾಸುಗಲ್ಲಿಗೆ, ನೀರು ಚಿಮುಕಿಸಿ ಒರೆಸಿ, ಆ ತಂಪಿನ ಮೇಲೆ ನನ್ನನ್ನೂ ಓಣಿಯ ಹುಡುಗರನ್ನೂ ಕೂರಿಸಿ, ಒಣಗಿದ ಫರ್ಸಿಯ ಮೇಲೆ ಬಳಪದಲ್ಲಿ ಗೆರೆ ಎಳೆದು ಲೆಕ್ಕ ಬರೆಯುತ್ತಿದ್ದರು. ಎರಡರಿಂದ ಭಾಗಿಸು, ಮೂರರಿಂದ ಭಾಗಿಸು, ಕೆಳಗೆ ಕೆಳಗೆ ಇಳಿ. ಒಂದು ಫರ್ಸಿಯಲ್ಲಿ ಶುರುವಾದ ಲೆಕ್ಕ ಬಾಗಿಲ ತನಕ ಇಳಿಯುತ್ತಿತ್ತು. ಸರಿ ಬಂದರೆ ಒಂದು ಹಿಡಿ ಮಂಡಾಳ, ಅಂದರೆ ಮಂಡಕ್ಕಿ, ಒಗ್ಗರಣೆ ಹಾಕಿದ್ದು. ತಪ್ಪಿದರೂ ಒಂದು ಹಿಡಿ ಮಂಡಾಳವೇ, ಒಗ್ಗರಣೆ ಇಲ್ಲದ್ದು.

ನನಗೊಂದು ಸಂಶಯವಿತ್ತು. ಲಘುತ್ತಮ ಅಂತ ಹೆಸರು, ಉತ್ತರ ನೋಡಿದರೆ ಇಷ್ಟು ದೊಡ್ಡದು. ಮಹತ್ತಮ ಅಂತ ಹೆಸರು, ಉತ್ತರ ನೋಡಿದರೆ ಗುಬ್ಬಿಯಷ್ಟು. ಇದೆಂಥ ನ್ಯಾಯ? ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅತ್ತೆ ಹತ್ತು ನಿಮಿಷ ವಿವರಿಸಿದರು. ತಿಳಿಯಲಿಲ್ಲ. ಇನ್ನೂ ಹತ್ತು ನಿಮಿಷ ವಿವರಿಸಿದರು. ಆಗಲೂ ತಿಳಿಯಲಿಲ್ಲ. ಕೊನೆಗೆ ನನ್ನ ಮುಖ ನೋಡಿ, “ನಿಮ್ಮಪ್ಪಗೂ ಹಿಂಗ ಆಗಿತ್ತು. ಅಂವ ಏನ್ ಮಾಡಿದ ಗೊತ್ತೈತೇನು? ಎರಡೂ ಬರದಿಟ್ಟು, ‘ಅಕ್ಕಾ, ನಿನಗ ಬೇಕಾದ್ದು ಆರಸ್ಕೋ’ ಅಂದಿದ್ದ” ಅಂತ ನಕ್ಕರು. ಅಪ್ಪನ ಹೆಸರು ಬಂದಾಗ ಮಾತ್ರ ಅತ್ತೆ ಹಾಗೆ ಬಾಯಿತುಂಬ ನಗುತ್ತಿದ್ದರು.

ಅತ್ತೆಗೆ ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಅಂತ ಕೇಳುತ್ತೀರಾ? ಕೇಳಬಾರದು, ಆದರೂ ಹೇಳುತ್ತೇನೆ. ಗಂಗಾವತಿ ಕಡೆಯ ಒಬ್ಬ ವರ ನೋಡಲು ಬಂದಿದ್ದನಂತೆ. ನೌಕರಿ ಇತ್ತು, ಬಣ್ಣವಿತ್ತು, ಮೀಸೆಯೂ ಇತ್ತು. ಅಡುಗೆ ಬರುತ್ತದೋ, ಹಾಡು ಬರುತ್ತದೋ ಅಂತ ಅವರ ಕಡೆಯವರು ಕೇಳಿದ್ದಕ್ಕೆಲ್ಲ ಅತ್ತೆ ತಲೆತಗ್ಗಿಸಿ ಉತ್ತರ ಕೊಟ್ಟರಂತೆ. ಆಮೇಲೆ ತಲೆಯೆತ್ತಿ, “ನಾನೂ ಒಂದ ಕೇಳ್ಲೇನ್ರಿ? ಇಪ್ಪತ್ನಾಲ್ಕು, ಮೂವತ್ತಾರು. ಮ.ಸಾ.ಅ. ಹೇಳ್ರಿ” ಅಂದರಂತೆ. ವರ ಬೆವರೊರೆಸಿಕೊಂಡು, “ಆರು” ಅಂದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡವರು ಹೊರಗೇ ಬರಲಿಲ್ಲ.

“ಆರರಿಂದಾನೂ ಭಾಗ ಹೋಗ್ತೈತಿ, ಖರೆ. ಆದ್ರ ಹನ್ನೆರಡು ಅಲ್ಲೇ ಇತ್ತಲ್ಲ!” ಅಂತ ಅತ್ತೆ ನನಗೆ ಎಷ್ಟೋ ವರ್ಷಗಳ ಮೇಲೆ ಹೇಳಿದ್ದರು. “ಅರ್ಧಕ್ಕ ನಿಂತು ಮುಗೀತು ಅನ್ನಾಂವನ ಕೂಡ ನಾ ಹೆಂಗ ಬಾಳೇವು ಮಾಡ್ಲಿ?”

ಇನ್ನು ಮನೆ ಕಟ್ಟಿಸಿದ ಕತೆ. ಪಡಸಾಲೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಗೋಡೆಯೆಲ್ಲ ಎದ್ದು ನಿಂತ ಮೇಲೆ ಗೌಂಡಿ ಎರಡಡಿಯ ಚೌಕ ಫರ್ಸಿ ತಂದಿಳಿಸಿದ. ಅತ್ತೆ ನೋಡಿದರು. ಹನ್ನೆರಡರಲ್ಲಿ ಎರಡು ಹೋಗುತ್ತದೆ, ಒಂಬತ್ತರಲ್ಲಿ ಹೋಗುವುದಿಲ್ಲ. ಒಂದು ಸಾಲು ಫರ್ಸಿಯನ್ನು ಕತ್ತರಿಸಬೇಕು. “ಕತ್ತರಿಸಂಗಿಲ್ಲ. ಮೂರಡಿ ಚೌಕದ್ದು ತರ್ರಿ, ಮ.ಸಾ.ಅ. ಮೂರು” ಅಂದರು. ಅಷ್ಟು ದೊಡ್ಡ ಚೌಕ ಅಂಗಡಿಯಲ್ಲಿಲ್ಲ ಅಂದ ಗೌಂಡಿ. ಅತ್ತೆ ಒಂದು ದಿನ ಯೋಚಿಸಿದರು. ಮರುದಿನ ಬೆಳಿಗ್ಗೆ ಬಂದು ಗೌಂಡಿಗೆ ಹೇಳಿದರು: “ಗ್ವಾಡಿ ಒಂದು ಅಡಿ ಆ ಕಡೆ ಸರಸ್ರಿ. ಹನ್ನೆರಡು, ಹತ್ತು. ಎರಡಡಿ ಫರ್ಸಿ ಛಂದಂಗಿ ಕುಂಡ್ರತೈತಿ.”

ಗೌಂಡಿ ಕೈಯಲ್ಲಿದ್ದ ಕರಣಿಯನ್ನು ಕೆಳಗಿಟ್ಟ. “ಅಕ್ಕೋರ, ಗ್ವಾಡಿ ನೋಡಿ ಫರ್ಸಿ ಕಡಿಯೋದು ನೋಡೀನಿ. ಫರ್ಸಿ ನೋಡಿ ಗ್ವಾಡಿ ಕೆಡವೋದು ಇದ ಮೊದಲು!” ಅಂದ. ಆದರೂ ಕೆಡವಿದ, ಪಾಪ, ಅವನೂ ಅತ್ತೆಯ ಶಿಷ್ಯನೇ. ಇವತ್ತಿಗೂ ಆ ಪಡಸಾಲೆಯಲ್ಲಿ ಕತ್ತರಿಸಿದ ಒಂದು ಫರ್ಸಿಯೂ ಇಲ್ಲ. ಅಡುಗೆಮನೆ ಮಾತ್ರ ಒಂದಡಿ ಕಿರಿದಾಗಿ, ಅದರ ಬಾಗಿಲು ಅರ್ಧಕ್ಕಷ್ಟೇ ತೆರೆಯುತ್ತದೆ, ಎಲ್ಲರೂ ಅಡ್ಡ ತಿರುಗಿ ಒಳಗೆ ಹೋಗುತ್ತೇವೆ.

ಹೀಗೆ ನಗುತ್ತ ನಗುತ್ತ ಇದ್ದೆವಲ್ಲ, ನಗು ನಿಂತದ್ದು ನನ್ನ ತಂಗಿಯ ಮದುವೆಯಲ್ಲಿ. ಗಂಗಾವತಿಯಲ್ಲಿ ಕಲ್ಯಾಣ ಮಂಟಪ, ಕಾರಟಗಿಯ ಬೀಗರು. ಊಟದ ಪಂಕ್ತಿಯ ಉಸ್ತುವಾರಿಯನ್ನು ಅಪ್ಪ ತಮ್ಮ ಅಕ್ಕನಿಗೇ ವಹಿಸಿದ್ದರು. ಯಾರೂ ಕೊಡು ಅಂದಿರಲಿಲ್ಲ, ಬೇಡ ಅಂದವರೇ ಹೆಚ್ಚು. “ನನ್ನ ಮಗಳ ಮದುವ್ಯಾಗ ನಮ್ಮಕ್ಕ ಸುಮ್ನ ಕುರ್ಚಿಮ್ಯಾಲ ಕುಂಡ್ರಬೇಕೇನು?” ಅಂತ ಅಪ್ಪ ಹಟ ಮಾಡಿದ್ದರು.

ಅತ್ತೆ ಊಟದ ಹಾಲಿನ ಬಾಗಿಲಲ್ಲಿ ನಿಂತು ಎಣಿಸಿದರು. ಮೊದಲ ಪಂಕ್ತಿಗೆ ಬೀಗರ ಕಡೆಯವರು ನೂರಾ ಅರವತ್ತೆಂಟು, ನಮ್ಮವರು ತೊಂಬತ್ತಾರು. ಬೀಗರ ಸಾಲಿನಲ್ಲಿ ಬೀಗರೇ ಇರಬೇಕು, ನಮ್ಮವರ ಸಾಲಿನಲ್ಲಿ ನಮ್ಮವರೇ, ಎಲ್ಲ ಸಾಲೂ ಸಮ ಇರಬೇಕು, ಸಾಲು ಆದಷ್ಟು ದೊಡ್ಡದಿರಬೇಕು. ಮ.ಸಾ.ಅ. ಇಪ್ಪತ್ನಾಲ್ಕು! ಸಾಲಿಗೆ ಇಪ್ಪತ್ನಾಲ್ಕು ಜನ, ಅವರವು ಏಳು ಸಾಲು, ನಮ್ಮವು ನಾಲ್ಕು. ನೂಲು ಹಿಡಿದಂತೆ ಕೂರಿಸಿದರು. ಬಡಿಸುವವರೇ ಬೆರಗಾದರು, ಫೋಟೋದವನು ಸ್ಟೂಲು ಹತ್ತಿ ಫೋಟೋ ತೆಗೆದ. ಅತ್ತೆಯ ಮುಖದಲ್ಲಿ ಅವತ್ತಿನಂಥ ಕಳೆಯನ್ನು ನಾನು ಕಂಡಿರಲಿಲ್ಲ.

ಆಗ ಬಂದರು ವರನ ಸೋದರಮಾವ! ಅಕ್ಕಿ ಗಿರಣಿಯಲ್ಲಿ ಕೆಲಸವಿತ್ತೆಂದು ತಡವಾಗಿ ಬಂದವರು, ಹಸಿದವರು, ಮೇಲಾಗಿ ಸೋದರಮಾವ. ಒಳಗೆ ಕಾಲಿಡುತ್ತಿದ್ದಂತೆ ಅತ್ತೆ ಕೈ ಅಡ್ಡ ಹಿಡಿದರು.

“ನಿಂದರ್ರಿ. ನೀವು ಬಂದ್ರ ನೂರಾ ಅರವತ್ತೊಂಬತ್ತು ಆಗತೈತಿ. ನೂರಾ ಅರವತ್ತೊಂಬತ್ತು, ತೊಂಬತ್ತಾರು, ಮ.ಸಾ.ಅ. ಒಂದು! ಎಲ್ಲಾರನ್ನೂ ಎಬ್ಬಿಸಿ ಒಬ್ಬೊಬ್ಬರಂಗ ಕುಂಡ್ರಸಬೇಕಾಗತೈತ್ರಿ.”

ಸೋದರಮಾವ ಹುಬ್ಬೇರಿಸಿ, “ಹಂಗಾರ ನಾ ಏನ್ ಮಾಡ್ಲಿ?” ಅಂದರು.

ಅತ್ತೆ ಬಹಳ ವಿನಯದಿಂದ, “ಅಲ್ಲೇ ನಿಂತಿರ್ರಿ. ನಿಮ್ಮ ಕಡೆಯವರು ಇನ್ನ ಇಪ್ಪತ್ಮೂರು ಮಂದಿ ಬರ್ಲಿ, ಒಂದು ಸಾಲು ಆಗತೈತಿ” ಅಂದರು.

ಆಮೇಲೆ ಆದದ್ದನ್ನು ಬಿಡಿಸಿ ಹೇಳಬೇಕೆ? ಸೋದರಮಾವ ಹೆಗಲ ಮೇಲಿನ ಶಲ್ಯ ಝಾಡಿಸಿ ಹೊರಟರು. ಅವರ ಹಿಂದೆ ಏಳು ಸಾಲೂ ಎದ್ದವು. ಎಲೆಯ ಮೇಲಿನ ಬೂಂದಿ ಹಾಗೇ ಉಳಿಯಿತು. ಅಪ್ಪ ಓಡಿ ಹೋಗಿ, ಮಂಟಪದ ಗೇಟಿನ ಹತ್ತಿರ, ತಮಗಿಂತ ಹತ್ತು ವರ್ಷ ಚಿಕ್ಕವರಾದ ಆ ಮನುಷ್ಯನ ಕಾಲು ಮುಟ್ಟಿ ಕರೆತಂದರು. ಊಟ ಆಯಿತು, ಮದುವೆಯೂ ಉಳಿಯಿತು. ಆಮೇಲೆ ಅಪ್ಪ ನೆಟ್ಟಗೆ ಅತ್ತೆಯ ಹತ್ತಿರ ಬಂದರು. ಎಲ್ಲರೆದುರೇ ಅಂದುಬಿಟ್ಟರು: “ಇನ್ನ ಮ್ಯಾಲೆ ನೀನೂ ನಿನ್ನ ಲೆಕ್ಕಾನೂ ನನ್ನ ಮನಿ ಹೊಸ್ತಿಲಾ ತುಳಿಯೋದು ಬ್ಯಾಡ!”

ಅತ್ತೆ, “ಲೆಕ್ಕದಾಗ ತಪ್ಪು ಎಲ್ಲಿ ಆಗೇತಿ ತೋರಸು” ಅಂದರು.

ತಪ್ಪು ಎಲ್ಲಾಗಿತ್ತು? ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ! ಅದೇ ಅಪ್ಪನನ್ನು ಇನ್ನಷ್ಟು ಕೆರಳಿಸಿತು. ಅತ್ತೆ ತಮ್ಮ ಚೀಲ ಎತ್ತಿಕೊಂಡು ಕುಷ್ಟಗಿಯ ಬಸ್ಸು ಹತ್ತಿದರು. ನಿಮಗೊಂದು ವಿಷಯ ಹೇಳಬೇಕು. ಅಪ್ಪನಿಗೆ ನಾಲ್ಕು ವರ್ಷವಿದ್ದಾಗ ನಮ್ಮಜ್ಜಿ ತೀರಿಕೊಂಡಿದ್ದಳು. ಹನ್ನೊಂದು ವರ್ಷದ ಅತ್ತೆಯೇ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಲಿಗೆ ಹೋಗಿ, ಮಗ್ಗುಲಲ್ಲಿ ಕೂರಿಸಿಕೊಂಡು ಪಾಠ ಕೇಳಿ ಓದಿದವರು. ಅತ್ತೆಗೆ ತಮ್ಮನ ಹೊರತು ಯಾರೂ ಇರಲಿಲ್ಲ. ಅಪ್ಪನಿಗೆ ನಾವೆಲ್ಲ ಇದ್ದೆವು, ಆದರೂ ಆ ರಾತ್ರಿ ಅವರು ಉಣ್ಣಲಿಲ್ಲ.

ಮುಂದಿನ ಮಂಗಳವಾರ ಮದುಮಕ್ಕಳನ್ನು ಹುಲಿಗಿಗೆ ಕರೆದೊಯ್ದೆವು. ಹುಲಿಗೆಮ್ಮನಿಗೆ ಉಡಿ ತುಂಬುವುದು ನಮ್ಮಲ್ಲಿ ಬಿಡುವಂತಿಲ್ಲ. ಅತ್ತೆಯೂ ಬಂದರು. ದೇವಿಯ ಈ ಮಗ್ಗುಲು ಅಪ್ಪ, ಆ ಮಗ್ಗುಲು ಅತ್ತೆ. ಇಬ್ಬರೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದರು, ತೆರೆದರೆ ಎದುರಿಗೆ ಇನ್ನೊಬ್ಬರು ಕಾಣುತ್ತಾರಲ್ಲ!

ಎರಡು ದಿನ ಬಿಟ್ಟು ಅತ್ತೆಯ ಫೋನ್ ಬಂತು. “ನಿಮ್ಮಪ್ಪ ಹುಲಿಗಿಗೆ ಎಷ್ಟ ದಿನಕ್ಕೊಮ್ಮೆ ಹೋಗ್ತಾನ?”

“ಮಂಗಳವಾರ ಬಿಟ್ಟು ಮಂಗಳವಾರ ಅತ್ತಿ. ಹದಿನಾಕ ದಿನಕ್ಕೊಮ್ಮೆ. ಜಪ್ಪಯ್ಯ ಅಂದ್ರೂ ತಪ್ಪಸಂಗಿಲ್ರಿ.”

“ಹಂಗಾರ ನಾ ಹದಿನೈದು ದಿನಕ್ಕೊಮ್ಮೆ ಹೋಗ್ತೀನಿ” ಅಂತ ಫೋನ್ ಇಟ್ಟರು.

ನಾನು ಬೆರಳು ಮಡಚಿದೆ. ಮೊನ್ನೆಯ ಮಂಗಳವಾರದಿಂದ ಹದಿನಾಲ್ಕು, ಹದಿನೈದು. ಎರಡಕ್ಕೂ ಸಾಮಾನ್ಯವಾದದ್ದು ಏನೂ ಇಲ್ಲ. ಲ.ಸಾ.ಅ. ಇನ್ನೂರಾ ಹತ್ತು! ಅಂದರೆ ಇನ್ನು ಏಳು ತಿಂಗಳು ಇಬ್ಬರೂ ಎದುರಾಗುವುದಿಲ್ಲ. ಮನೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. “ಅಕ್ಕೋರು ಸಿಟ್ಟು ಮಾಡೋದನ್ನೂ ಲೆಕ್ಕಾ ಹಾಕೇ ಮಾಡ್ತಾರ ನೋಡು” ಅಂದಳು ಅವ್ವ. ಅಪ್ಪ ಮಾತ್ರ ಪೇಪರಿನಿಂದ ಮುಖ ಎತ್ತದೆ, “ಛಲೋ ಆತು” ಅಂದರು.

ಹದಿನೈದು ದಿನದ ಲೆಕ್ಕದಲ್ಲಿ ಒಂದು ತಮಾಷೆಯಿದೆ. ಮೊದಲ ಸಲ ಬುಧವಾರ ಬರುತ್ತದೆ, ಮುಂದಿನ ಸಲ ಗುರುವಾರ, ಆಮೇಲೆ ಶುಕ್ರವಾರ, ಹೀಗೆ ವಾರ ಜಾರುತ್ತ ಹೋಗುತ್ತದೆ. ಹುಲಿಗಿಗೆ ಜನ ಹೋಗುವುದು ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ. ಅತ್ತೆಯ ಹಳೆಯ ಶಿಷ್ಯನೊಬ್ಬ ಆ ದಾರಿಯ ಬಸ್ಸಿನ ಕಂಡಕ್ಟರ್. “ಬುಧವಾರ ಯಾರ್ ಹೋಗ್ತಾರ್ರಿ ಅಕ್ಕೋರ?” ಅಂತ ಕೇಳಿದನಂತೆ. “ಯಾಕ, ಬುಧವಾರ ಅಮ್ಮ ಊರಿಗೆ ಹೋಗಿರ್ತಾಳೇನು? ಟಿಕೆಟ್ ಹರಿ” ಅಂದರಂತೆ. ಕುಷ್ಟಗಿಯಿಂದ ಬಂದು ಕೊಪ್ಪಳದಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತು ಮುಂದಿನ ಬಸ್ಸು ಹಿಡಿಯುತ್ತಿದ್ದರು. ನಾನು ಆಫೀಸಿನಿಂದ ಒಮ್ಮೆ ಓಡಿಹೋಗಿ, “ಮನಿಗೆ ಬರ್ರಿ ಅತ್ತಿ, ಒಂದ ಕಪ್ ಚಾ ಕುಡುದು ಹೋಗೀರಂತ” ಅಂದೆ. “ಹೊಸ್ತಿಲ ತುಳೀಬ್ಯಾಡ ಅಂದಾನ” ಅಂದರು, ಬಸ್ಸಿನ ಬೋರ್ಡು ಓದುತ್ತ.

ತಿಂಗಳುಗಳು ಹೋದವು. ಒಂದು ಮಂಗಳವಾರ ಅಪ್ಪನಿಗೆ ಸಿಕ್ಕಾಪಟ್ಟೆ ಜ್ವರ. ಹುಲಿಗಿಗೆ ಹೋಗಲೇಬೇಕು ಅಂತ ಕೂತಿದ್ದರು. ಅವ್ವ ಬಿಡಲಿಲ್ಲ, ಗುಳಿಗೆ ನುಂಗಿಸಿ, ಕೌದಿ ಹೊದಿಸಿ ಮಲಗಿಸಿದಳು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಹನ್ನೆರಡು ಗಂಟೆಯ ಸುಮಾರಿಗೆ ಅತ್ತೆಯ ಫೋನ್.

“ನಿಮ್ಮಪ್ಪ ಎಲ್ಲಿ ಅದಾನ?”

“ಮನ್ಯಾಗ ಅದಾರ್ರಿ. ಜ್ವರ ಬಂದಾವು, ಮಲಗ್ಯಾರ.”

ಆ ಕಡೆಯಿಂದ ಗುಡಿಯ ಗಂಟೆ, ತೆಂಗಿನಕಾಯಿ ಮಾರುವವರ ಕೂಗು ಕೇಳಿಸುತ್ತಿತ್ತು. ಅತ್ತೆ, “ಹಂಗಾರ ಇನ್ನ ಇನ್ನೂರಾ ಹತ್ತು ದಿನ” ಅಂದರು. ದನಿ ಎಂದಿನದಾಗಿರಲಿಲ್ಲ. “ನನಗ ಅರವತ್ತೊಂಬತ್ತು ಆದಾವು. ಅಷ್ಟ ದಿನ ಕಾಯಾಕ ಆಗತೈತೋ ಇಲ್ಲೋ. ಇರ್ಲಿ, ಅವಗ ಹೇಳಬ್ಯಾಡ.”

ಫೋನ್ ಕಟ್ಟಾಯಿತು. ಅಲ್ಲೇ ನಿಂತಲ್ಲಿ ನನಗೆ ಹೊಳೆಯಿತು. ಎಂಥ ದಡ್ಡ ನಾನು! ತಮ್ಮನ ಮುಖ ನೋಡಬಾರದು ಅಂತಿದ್ದರೆ ಅತ್ತೆ ಹದಿನಾಲ್ಕು ದಿನಕ್ಕೊಮ್ಮೆ ಶುಕ್ರವಾರ ಹೋಗಿದ್ದರೆ ಸಾಕಿತ್ತು. ಅಪ್ಪ ಮಂಗಳವಾರ, ಅವರು ಶುಕ್ರವಾರ, ಸಾಯುವ ತನಕ ಎದುರಾಗುತ್ತಿರಲಿಲ್ಲ. ಅದಕ್ಕೆ ಯಾವ ಲ.ಸಾ.ಅ. ಬೇಕು? ಮೂವತ್ತು ವರ್ಷ ಗಣಿತ ಕಲಿಸಿದವರಿಗೆ ಇಷ್ಟು ಗೊತ್ತಿರಲಿಲ್ಲವೇ? ಲ.ಸಾ.ಅ. ಬೇಕಾಗುವುದು ಸೇರಬೇಕು ಅನ್ನುವವರಿಗೆ. ತಾವಾಗಿ ಹೋಗಲು ಮಾನ ಅಡ್ಡ ಬಂದಿತ್ತು. ಅದಕ್ಕೇ ಸೇರುವ ದಿನವೊಂದನ್ನು ಲೆಕ್ಕದಲ್ಲಿ ಇಟ್ಟುಕೊಂಡು, ಏಳು ತಿಂಗಳು ಎಣಿಸುತ್ತ, ಇವತ್ತು ಬೆಳಿಗ್ಗೆಯಿಂದ ಹುಲಿಗಿಯಲ್ಲಿ ಕಾಯುತ್ತಿದ್ದರು. ನಾನು ಆ ದಿನವನ್ನೇ ಹಿಡಿದುಕೊಂಡು ಮನೆಮಂದಿಯನ್ನೆಲ್ಲ ನಗಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೇಳಬೇಡ ಅಂದಿದ್ದರಲ್ಲ, ನೆಟ್ಟಗೆ ಹೋಗಿ ಅಪ್ಪನಿಗೆ ಹೇಳಿದೆ. “ಅಪ್ಪಾ, ಅತ್ತಿ ಹುಲಿಗ್ಯಾಗ ಕುಂತಾರ. ಇವತ್ತು ಇನ್ನೂರಾ ಹತ್ತನೇ ದಿನ.”

ಅಪ್ಪ ಕೌದಿ ಸರಿಸಿದರು. ಒಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೇ ಮಲಗಿದ್ದರು, ಗುಂಡಿ ಹಾಕಿ, ಕಿಸೆಯಲ್ಲಿ ಕನ್ನಡಕ ಇಟ್ಟುಕೊಂಡು. “ನನಗ ಗೊತ್ತೈತೋ. ನಾ ಏನ್ ಎಣಿಸಿಲ್ಲಂತ ಮಾಡೀಯೇನು? ನಿಮ್ಮವ್ವ ಬಿಡವಲ್ಲಳು” ಅಂದರು. “ಗಾಡಿ ತಗಿ.”

ಬೈಕಿನ ಹಿಂದೆ ಕೂರಿಸಿಕೊಂಡು, ಅವ್ವನ ಶಾಲನ್ನು ಸುತ್ತಿ, ಅವರು ಬೀಳದಂತೆ ಅವರ ಎರಡೂ ಕೈ ನನ್ನ ಹೊಟ್ಟೆಗೆ ಕಟ್ಟಿಸಿಕೊಂಡು ಹುಲಿಗಿಗೆ ಹೋದೆ. ದಾರಿಯುದ್ದಕ್ಕೂ ಅಂಗಿಯೊಳಗಿಂದ ಅವರ ಜ್ವರ ನನ್ನ ಬೆನ್ನಿಗೆ ತಾಗುತ್ತಿತ್ತು. ಮಂಗಳವಾರದ ಗದ್ದಲ. ಗುಡಿಯ ಸುತ್ತ ಹುಡುಕಿದೆವು, ಸಾಲಿನಲ್ಲಿ ಹುಡುಕಿದೆವು. ಕೊನೆಗೆ ಹೊಳೆಯ ದಂಡೆಯ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೀರಿನ ಕಡೆ ಮುಖ ಮಾಡಿ.

ಅಪ್ಪ ಒಂದೊಂದೇ ಮೆಟ್ಟಿಲು ಇಳಿದು ಅವರ ಪಕ್ಕ ಕೂತರು. ಅತ್ತೆ ತಿರುಗಿ ನೋಡಿದರು. ಕಣ್ಣು ತುಂಬಿದ್ದವು. ನನಗೂ ತುಂಬಿದವು, ಸುಳ್ಳು ಯಾಕೆ ಹೇಳಲಿ.

“ಜ್ವರ ಬಂದಾವಂತ” ಅಂದರು ಅತ್ತೆ, ಬೈಯುವ ದನಿಯಲ್ಲಿ. “ಮಲಗೋದು ಬಿಟ್ಟು ಯಾಕ ಬಂದಿ?”

“ನಿನ್ನ ಲೆಕ್ಕಾ ತಪ್ಪಬಾರದಂತ ಬಂದ್ನಿ, ಅಕ್ಕಾ” ಅಂದರು ಅಪ್ಪ.

ಅತ್ತೆ ಜ್ವರ ಎಷ್ಟಿದೆಯೆಂದು ನೋಡಲು ಅಪ್ಪನ ಹಣೆಯ ಮೇಲೆ ಕೈಯಿಟ್ಟರು. ನೋಡಿಯಾದ ಮೇಲೂ ಆ ಕೈ ತೆಗೆಯಲಿಲ್ಲ.